ಭಯವನ್ನು ಹಂಚಿಕೊಳ್ಳಬಹುದೇ?

ಭಯವು ಜೀವಿಮಾತ್ರಕ್ಕೆ ಸಹಜವಾದುದು. ಆಹಾರ ನಿದ್ರೆಗಳ ಸಾಲಿನಲ್ಲಿ ಭಯವನ್ನೂ ಸೇರಿಸಿ, ಇವು ಮನುಷ್ಯನಿಗೂ ಪಶುವಿಗೂ ಸಮಾನವೆಂದು ಹಿರಿಯರು ಹೇಳಿರುವುದು ವಾಚಕರಿಗೆ ತಿಳಿದೇ ಇದೆ. ಆದರೆ ಒಂದು ಭೇದವುಂಟು. ಹೆದರಿದ ಹಸುವು ಕಿವಿ ನಿಮಿರಿಸಿ, ಬಾಲವೆತ್ತಿ, ಇಡೀ ಮಂದೆಗೆ ತಿಳಿಯುವಂತೆ ಹೆದರುತ್ತದೆ. ಭಯವನ್ನು ಒಳಗಿಟ್ಟುಕೊಂಡು ಮೇಲೆ ಸಮಾಧಾನದ ಮುಖವನ್ನು ತೋರುವ ವಿದ್ಯೆಯು ಮನುಷ್ಯನಿಗೆ ಮಾತ್ರ ಬಂದಿದೆ. ಅದರಲ್ಲಿಯೂ ಊರು ಬಿಟ್ಟು ನಗರವನ್ನು ಸೇರಿದ ಗೃಹಸ್ಥನಿಗೆ ಅದು ಕರತಲಾಮಲಕವಾಗಿದೆ. ಕಚೇರಿಯ ಭಯವು ಮನೆಗೆ ತಿಳಿಯಬಾರದು, ಮನೆಯ ಭಯವು ಕಚೇರಿಗೆ ತಿಳಿಯಬಾರದು, ಇವೆರಡೂ ವೃದ್ಧರಾದ ತಂದೆತಾಯಿಗಳಿಗೆ ಸರ್ವಥಾ ತಿಳಿಯಬಾರದು. ಇದು ನಮ್ಮಲ್ಲಿ ಅನೇಕರು ಪಾಲಿಸಿಕೊಂಡು ಬಂದ ನಿಯಮ. ಇದು ಧರ್ಮವೇ, ಅಥವಾ ಧರ್ಮದ ವೇಷವನ್ನು ತೊಟ್ಟ ಅಹಂಕಾರವೇ ಎಂಬ ಪ್ರಶ್ನೆಯನ್ನು ಈ ಸಲ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಈ ಪ್ರಶ್ನೆಯು ನಮಗೆ ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. ಕಾಶಿಯ ಬಂಗಾಲಿ ಟೋಲಾದಲ್ಲಿ, ಒಂದು ಹಳೆಯ ಮನೆಯ ಮೆಟ್ಟಿಲ ಮೇಲೆ ಹುಟ್ಟಿದುದು.

ಬಂಗಾಲಿ ಟೋಲಾ ಎಂಬುದು ದಶಾಶ್ವಮೇಧ ಘಾಟಿನ ಹತ್ತಿರದಿಂದ ಕೇದಾರ ಘಾಟಿನ ಕಡೆಗೆ, ಗಂಗೆಯ ದಡವನ್ನು ಅನುಸರಿಸಿ ಹೋಗುವ ಗಲ್ಲಿಗಳ ಕೇರಿ. ಹೆಸರೇ ಹೇಳುವಂತೆ ಇದು ವಲಸೆ ಬಂದವರ ಕೇರಿ. ಕಾಶೀವಾಸವನ್ನು ಬಯಸಿ ಬಂದ ವಂಗದೇಶದ ಕುಟುಂಬಗಳು, ವೃದ್ಧರು, ಪತಿವಿಹೀನೆಯರಾದ ಸ್ತ್ರೀಯರು ತಲೆಮಾರುಗಳಿಂದ ಇಲ್ಲಿ ನೆಲೆಸಿದರು. 1854ರಲ್ಲಿಯೇ ಇಲ್ಲಿ ಆರಂಭವಾದ ಶಾಲೆಯು ಬಂಗಾಲಿ ಟೋಲಾ ಇಂಟರ್ ಕಾಲೇಜೆಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ಸಮೀಪದಲ್ಲಿ ಜಂಗಮವಾಡಿ ಮಠ. ದಕ್ಷಿಣಕ್ಕೆ ಸಾಗಿದರೆ ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್, ಹನುಮಾನ್ ಘಾಟ್. ದಕ್ಷಿಣದೇಶದ ಯಾತ್ರಿಕರು ಹೆಚ್ಚಾಗಿ ಇಳಿದುಕೊಳ್ಳುವುದು ಈ ಭಾಗದಲ್ಲಿಯೇ. ಗಲ್ಲಿಗಳ ಅಗಲವನ್ನು ಕುರಿತು ಇಷ್ಟೇ ಹೇಳಬಹುದು: ಎದುರಿನಿಂದ ಗೂಳಿಯೊಂದು ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಬೇಕು, ಮತ್ತು ಗೂಳಿಯು ಸರಿಯುವುದಿಲ್ಲ.

2013ರ ಆಗಸ್ಟ್ ತಿಂಗಳಲ್ಲಿ, ಕೃಷ್ಣಾಷ್ಟಮಿಗೆ ಕೆಲವು ದಿನ ಮೊದಲು, ನಾವು ಸಕುಟುಂಬರಾಗಿ ಅಲ್ಲಿಗೆ ಹೋಗಿದ್ದೆವು. ತೀರ್ಥರೂಪರ ವರ್ಷಾಂತಿಕವು ಮುಗಿದಿತ್ತು. ತ್ರಿಸ್ಥಳೀ ಯಾತ್ರೆಯನ್ನು ಪೂರೈಸಬೇಕೆಂಬುದು ಮಾತೋಶ್ರೀಯವರ ಇಚ್ಛೆ. 76 ವರ್ಷದ ಮಾತೋಶ್ರೀಯವರು, ನಮ್ಮ ಮನೆಯವರು, ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ಮಗಳು, ತಮ್ಮ, ತಮ್ಮನ ಹೆಂಡತಿ, 11 ವರ್ಷದ ಅವರ ಮಗ, ಮತ್ತು ನಾವು, ಹೀಗೆ ಏಳು ಜನ. ಪರಿಚಿತ ಪುರೋಹಿತರ ಮೂಲಕ ಬಂಗಾಲಿ ಟೋಲಾದ ಮನೆಯೊಂದರಲ್ಲಿ ಎರಡು ಕೋಣೆಗಳು ದೊರೆತಿದ್ದವು. ದಧಿವ್ರತವು ನಡೆದಿದ್ದುದರಿಂದ, ಗಲ್ಲಿಗಲ್ಲಿಗೂ ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ಮಾರುವ ಆ ಊರಿನಲ್ಲಿ ತಮ್ಮನ ಮಗನು ಅಜ್ಜಿಯ ಕೈ ಹಿಡಿದು ಮುಖ ತಿರುಗಿಸಿಕೊಂಡೇ ನಡೆಯಬೇಕಾಯಿತು. ಅವನ ಆ ದುಃಖವೊಂದೇ ನಮ್ಮ ಏಳು ಜನರಲ್ಲಿ ಬಹಿರಂಗವಾಗಿದ್ದ ದುಃಖ.

ಉಳಿದವು ಗುಪ್ತವಾಗಿದ್ದವು. ನಮ್ಮ ಅಂಗಿಯ ಕಿಸೆಯಲ್ಲಿ ಒಂದು ಕಾಗದವಿತ್ತು. ಮುಂಬಯಿಯಲ್ಲಿ ನಾವು 24 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ಸಂಸ್ಥೆಯು, ಆ ವಿಭಾಗದ ಕೆಲಸವನ್ನೇ ಹೊರಗಿನವರಿಗೆ ವಹಿಸಲು ನಿಶ್ಚಯಿಸಿ, ಇಷ್ಟು ಹಣವನ್ನು ಪಡೆದು ರಾಜೀನಾಮೆ ಕೊಡಬೇಕು, ಇಲ್ಲವೇ ದೂರದ ಶಾಖೆಗೆ ಹೋಗಬೇಕು ಎಂದು ಬರೆದಿತ್ತು. ಮೇಲೆ 'ಗೋಪ್ಯ' ಎಂಬ ಮುದ್ರೆ. ಮನೆಯ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಬಾಕಿಯಿತ್ತು, ಮಗಳ ಓದು ಅರ್ಧದಲ್ಲಿತ್ತು. ಕಾಗದ ಬಂದು ಇಪ್ಪತ್ತು ದಿನವಾಗಿದ್ದರೂ ನಾವು ಯಾರೊಡನೆಯೂ ಬಾಯಿ ಬಿಟ್ಟಿರಲಿಲ್ಲ. ಯಾತ್ರೆಯು ಮುಗಿಯಲಿ, ಅವರ ಮನಸ್ಸು ಕೆಡಿಸುವುದು ಬೇಡ ಎಂದು ನಮಗೆ ನಾವೇ ಹೇಳಿಕೊಂಡಿದ್ದೆವು. ಅದನ್ನು ನಾವು ಧೈರ್ಯವೆಂದೇ ತಿಳಿದಿದ್ದೆವು.

ಆ ವಾರ ಗಂಗೆಯು ಏರುತ್ತಿದ್ದಳು. ಕಾಶಿಯಲ್ಲಿ ಅಪಾಯದ ಮಟ್ಟವು 71.262 ಮೀಟರ್, ನೀರು ಅದನ್ನು ದಾಟಿತ್ತು. ದೋಣಿಗಳನ್ನು ನಿಲ್ಲಿಸಿದ್ದರು. ಘಾಟಿನಿಂದ ಘಾಟಿಗೆ ದಡದ ಮೇಲೆ ನಡೆದು ಹೋಗುವ ದಾರಿಯೂ ಮುಳುಗಿ, ಹರಿಶ್ಚಂದ್ರ ಘಾಟಿನ ದಹನಕ್ರಿಯೆಗಳು ಮೇಲಿನ ಗಲ್ಲಿಯ ಬಾಯಿಗೆ ಬಂದಿದ್ದವು. ರಾಮನಾಮದ ಘೋಷವು ಹಗಲೂ ರಾತ್ರಿಯೂ ಕಿವಿಗೆ ಬೀಳುತ್ತಿತ್ತು. ಎರಡನೆಯ ರಾತ್ರಿ ವಿದ್ಯುತ್ತು ಹೋಯಿತು. ಹನ್ನೊಂದು ಗಂಟೆಯ ಸುಮಾರಿಗೆ ಮನೆಯವರು ಬಂದು, ಕೆಳಗಿನ ಗಲ್ಲಿಯ ತಿರುವಿಗೆ ನೀರು ಬಂದಿದೆ, ನೆಲಮಾಳಿಗೆಯ ಅಕ್ಕಿ ಬೇಳೆಗಳನ್ನೂ ಪಾತ್ರೆಗಳನ್ನೂ ಮೇಲಕ್ಕೆ ಸಾಗಿಸಬೇಕು, ಕೈಗೂಡಿಸುವಿರಾ ಎಂದು ಕೇಳಿದರು. ನಾವು ಮತ್ತು ತಮ್ಮ ಎದ್ದೆವು. ಮಾತೋಶ್ರೀಯವರೂ ಎದ್ದು ಕುಳಿತರು. "ಏನೂ ಆಗಿಲ್ಲ, ಮಲಗು" ಎಂದೆವು.

ಅದಕ್ಕೆ ಅವರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆಯುತ್ತೇವೆ. "ಏನೂ ಆಗಿಲ್ಲಂದ್ರ ನೀ ಯಾಕ ಮಲಗಿಲ್ಲ? ನನಗ ಅಂಜಿಕಿ ಬಂದದ. ನಿನಗೂ ಬಂದದ. ಸುಮ್ಮ ಮಲಗು ಅನಬ್ಯಾಡ. ಏನರ ಕೆಲಸ ಹಚ್ಚು."

ಮುಂದಿನ ಎರಡು ತಾಸುಗಳು ಹೇಗೆ ಕಳೆದವೆಂಬುದನ್ನು ಹೇಳಬೇಕು. ಆ ಮನೆಯ ಮೆಟ್ಟಿಲುಗಳು ಕಡಿದಾದವು, ಒಬ್ಬರೇ ಹತ್ತಬಹುದಾದಷ್ಟು ಇಕ್ಕಟ್ಟಾದವು. ಹೊತ್ತು ಹತ್ತಿ ಇಳಿಯುವುದು ಆಗದ ಮಾತು. ಆದ್ದರಿಂದ ನಾವೆಲ್ಲರೂ ಮೆಟ್ಟಿಲಿಗೊಬ್ಬರಂತೆ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಪಕ್ಕದ ಕೋಣೆಯ ತೆಲುಗು ದಂಪತಿಗಳು ನಮ್ಮ ಸಾಲಿಗೆ ಸೇರಿದರು. ತಮ್ಮನ ಮಗನು ಟಾರ್ಚ್ ಹಿಡಿದನು. ಕೆಳಗಿನ ಕೋಣೆಯಲ್ಲಿ ಒಂಟಿಯಾಗಿದ್ದ ಬಂಗಾಲಿ ವೃದ್ಧೆಯೊಬ್ಬರು 1978ರ ನೆರೆಯನ್ನು ಕಂಡವರು. ಆ ವರ್ಷದ ಸೆಪ್ಟೆಂಬರಿನಲ್ಲಿ ನೀರು 73.901 ಮೀಟರಿಗೆ ಏರಿತ್ತು. ಕಾಶಿಯಲ್ಲಿ ಇಂದಿಗೂ ಅದೇ ಮೇರೆ. ಮೊದಲು ಕುಡಿಯುವ ನೀರು, ಬೆಂಕಿಪೆಟ್ಟಿಗೆ, ಔಷಧಗಳು, ಆಮೇಲೆ ಧಾನ್ಯ, ಕೊನೆಗೆ ಹಾಸಿಗೆ ಎಂದು ಕ್ರಮವನ್ನು ಹೇಳಿಕೊಟ್ಟವರು ಅವರೇ. ನಾವು ಅಕ್ಕಿಚೀಲದಿಂದ ಆರಂಭಿಸುವವರಿದ್ದೆವು. ಮಾತೋಶ್ರೀಯವರು ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಬಂದ ಪಾತ್ರೆಗಳನ್ನು ಎಣಿಸಿದರು, ಮತ್ತು ಎಣಿಕೆಯಲ್ಲಿ ಒಂದು ತಂಬಿಗೆ ಕಡಿಮೆ ಬಂದಾಗ ಎಲ್ಲರನ್ನೂ ನಿಲ್ಲಿಸಿದರು. ತಂಬಿಗೆಯು ಹುಡುಗನ ಕಾಲಬಳಿಯೇ ಇತ್ತು. ಆ ಕತ್ತಲೆಯಲ್ಲಿ ಅಷ್ಟೂ ಜನ ನಕ್ಕರು.

ಬೆಳಗಿನಲ್ಲಿ ನೋಡಿದರೆ ನೀರು ನಮ್ಮ ಹೊಸ್ತಿಲನ್ನು ಮುಟ್ಟಿರಲೇ ಇಲ್ಲ. ಮೂರು ದಿನದ ಅನಂತರ ಎಲ್ಲವನ್ನೂ ಅದೇ ಮೆಟ್ಟಿಲುಗಳಿಂದ ಕೆಳಗಿಳಿಸಬೇಕಾಯಿತು.

ಆದರೆ ಆ ರಾತ್ರಿಯೇ, ಸಾಲು ಚೆದುರಿದ ಮೇಲೆ, ನಮ್ಮ ಮನೆಯವರು ಮೆಟ್ಟಿಲಿನಲ್ಲಿಯೇ ಕುಳಿತು ಮೆಲ್ಲಗೆ ಹೇಳಿದರು: "ಆಫೀಸಿನ ಕಾಗದ ನಾ ಓದೀನ್ರಿ. ಒಗಿಲಿಕ್ಕೆ ಹಾಕಿದ ಅಂಗಿ ಕಿಸೆದಾಗ ಇತ್ತು. ನೀವು ಹೇಳ್ತೀರೇನೋ ಅಂತ ಕಾಯ್ಲಿಕ್ಕತ್ತಿದ್ದೆ." ಹದಿನೆಂಟು ದಿನಗಳಿಂದ ಅವರಿಗೆ ತಿಳಿದಿತ್ತು. ನಮ್ಮ ಮೌನದಿಂದ ಅವರ ಭಯವೇನೂ ತಪ್ಪಿರಲಿಲ್ಲ. ಅದನ್ನು ಒಬ್ಬರೇ ಅನುಭವಿಸುವಂತಾಗಿತ್ತು, ಅಷ್ಟೇ. ಒಂದೇ ಭಯವನ್ನು ಒಂದೇ ಮನೆಯಲ್ಲಿ ಇಬ್ಬರು, ಒಬ್ಬರಿಗೊಬ್ಬರು ಗೋಡೆ ಕಟ್ಟಿಕೊಂಡು, ಎರಡು ಪಾಲು ಮಾಡದೆ ಎರಡರಷ್ಟು ಮಾಡಿ ಹೊತ್ತಿದ್ದೆವು.

ಹರಿಶ್ಚಂದ್ರನ ಹೆಸರಿನ ಘಾಟಿನ ನೆರೆಯಲ್ಲಿ ಇಂಥ ಮಾತು ನಡೆದುದರಿಂದ ಆ ಕಥೆಯು ನಮಗೆ ಬೇರೆ ರೀತಿಯಿಂದ ಕಾಣಿಸಿತು. ರಾಘವಾಂಕನ ಕಾವ್ಯದ ಮೂಲಕ ಕನ್ನಡಿಗರ ಮನೆಮಾತಾದ ಆ ಕಥೆಯಲ್ಲಿ ನಾವು ಸತ್ಯದ ಮಹಿಮೆಯನ್ನು ಮಾತ್ರ ನೋಡುತ್ತ ಬಂದಿದ್ದೇವೆ. ರಾಜ್ಯವು ಹೋದುದು ಆ ಕುಟುಂಬದ ದೊಡ್ಡ ಕಷ್ಟವಲ್ಲವೆಂದು ಈಗ ನಮಗೆ ತೋರುತ್ತದೆ. ರಾಜ್ಯ ಹೋದ ಮೇಲೂ ಮೂವರೂ ಒಟ್ಟಿಗೆ ಕಾಶಿಯ ವರೆಗೆ ನಡೆದು ಬಂದರು. ಅಲ್ಲಿ ಪತಿಯು ಒಬ್ಬನಿಗೆ, ಪತ್ನೀಪುತ್ರರು ಇನ್ನೊಬ್ಬನಿಗೆ ಮಾರಾಟವಾದ ಮೇಲೆ ಪತಿಯ ಭಯವು ಸ್ಮಶಾನದಲ್ಲಿ, ಪತ್ನಿಯ ಭಯವು ಪರರ ಮನೆಯ ಅಡಿಗೆಯ ಕೋಣೆಯಲ್ಲಿ ಬೇರೆ ಬೇರೆಯಾಯಿತು. ಮಗನ ಶವದ ಮುಂದೆ ಕತ್ತಲಲ್ಲಿ ನಿಂತಾಗ ದಂಪತಿಗಳಿಗೆ ಒಬ್ಬರಿಗೊಬ್ಬರ ಗುರುತೇ ಹತ್ತಲಿಲ್ಲ. ನಗರವಾಸಿಗಳಾದ ನಾವೂ ಬೆಳಗ್ಗೆ ಎಂಟಕ್ಕೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮಾರಿಕೊಂಡು ಹೋಗುವವರೇ. ವಿಶ್ವಾಮಿತ್ರರ ಸ್ಥಾನದಲ್ಲಿ ಗೃಹಸಾಲದ ಕಂತು ನಿಂತಿದೆ. ರಾತ್ರಿ ಒಂದೇ ಮನೆಗೆ ಮರಳುತ್ತೇವೆಂಬುದು ನಮ್ಮ ಪುಣ್ಯ. ಮರಳಿದ ಮೇಲೆಯೂ ಗುರುತು ಹತ್ತದಂತೆ ಇರುವುದು ನಮ್ಮದೇ ಕೃತಿ.

ಹಿಂದಿನ ಕಾಲದಲ್ಲಿ ಕಾಶೀಯಾತ್ರೆಗೆ ಯಾರೂ ಒಂಟಿಯಾಗಿ ಹೊರಡುತ್ತಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಯ್ಯನವರು 1830ರ ಮೇ ತಿಂಗಳಲ್ಲಿ ಹೊರಟು 1831ರ ಸೆಪ್ಟೆಂಬರಿನಲ್ಲಿ ಮರಳಿದರು. ತೆಲುಗಿನಲ್ಲಿ ಅವರು ಬರೆದ ಯಾತ್ರಾಚರಿತ್ರೆಯು ಪ್ರಸಿದ್ಧವಾಗಿದೆ. ಅವರ ಸಂಗಡ ಮನೆಯವರು, ಪಲ್ಲಕ್ಕಿಯ ಬೋಯಿಗಳು, ಸೇವಕರು ಸೇರಿ ಸುಮಾರು ನೂರು ಜನರಿದ್ದರು. ನದಿ, ಕಾಡು, ರೋಗ ಇವುಗಳ ಭಯವು ಯಜಮಾನನಿಗೂ ಬೋಯಿಗೂ ಒಂದೇ ಆಗಿದ್ದ ದಾರಿ ಅದು. ಭಯವನ್ನು ಬಚ್ಚಿಡಲು ಅಲ್ಲಿ ಸ್ಥಳವಾದರೂ ಎಲ್ಲಿತ್ತು?

ಮುಂಬಯಿಗೆ ಮರಳಿದ ಮೇಲೆ ನಡೆದುದು ಇದಕ್ಕಿಂತ ಕಠಿಣವಾದ ಪಾಠ. ನಮ್ಮ ವಿಭಾಗದ ಹನ್ನೊಂದು ಜನರಿಗೂ ಅದೇ ಕಾಗದ ಬಂದಿತ್ತು. ಹನ್ನೊಂದು ಜನವೂ 'ಗೋಪ್ಯ' ಮುದ್ರೆಯನ್ನು ಕಂಡು, ತನಗೊಬ್ಬನಿಗೇ ಬಂದಿದೆಯೆಂದೋ, ಇತರರಿಗೆ ತಿಳಿದರೆ ಮಾನ ಹೋಗುವುದೆಂದೋ ಸುಮ್ಮನಿದ್ದರು. ಮೆಟ್ಟಿಲಿನ ಆ ರಾತ್ರಿ ನಡೆಯದಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಒಂದು ದಿನ ಊಟದ ವೇಳೆಯಲ್ಲಿ ಡಬ್ಬಿಯ ಪಕ್ಕದಲ್ಲಿ ಕಾಗದವನ್ನು ಬಿಚ್ಚಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಹೋಲಿಸಿ ನೋಡಿದಾಗ ಒಂದೇ ಸೇವಾವಧಿಯವರಿಗೆ ಬೇರೆ ಬೇರೆ ಮೊತ್ತಗಳನ್ನು ಬರೆದಿದ್ದುದು ಕಂಡಿತು. ಎಲ್ಲರೂ ಸೇರಿ ಒಂದೇ ಮನವಿಯನ್ನು ಬರೆದೆವು. ಎಲ್ಲರಿಗೂ ಒಂದೇ ಲೆಕ್ಕದಂತೆ ಹಣವೂ ಮೂರು ತಿಂಗಳ ಅವಧಿಯೂ ದೊರೆತವು. ನೌಕರಿಯು ಉಳಿಯಲಿಲ್ಲ. ನಾಲ್ವರು ವರ್ಗವಾಗಿ ಹೋದರು, ನಾವು ಆರು ಜನ ಹೊರಬಂದೆವು.

ಇದು ಹತ್ತು ಜನರ ಲೆಕ್ಕ. ಹನ್ನೊಂದನೆಯವರು, ಗುಲಬರ್ಗಾ ಕಡೆಯ ನಮ್ಮವರೇ, ಕಾಗದ ಬಂದ ಮೊದಲ ವಾರದಲ್ಲಿಯೇ ಹೆದರಿ ಸಹಿ ಹಾಕಿಬಿಟ್ಟಿದ್ದರು. ಅವರಿಗೆ ನಮ್ಮೆಲ್ಲರಿಗಿಂತ ಕಡಿಮೆ ಹಣ ಬಂತು; ಒಮ್ಮೆ ಮುಗಿದ ಲೆಕ್ಕವನ್ನು ಸಂಸ್ಥೆಯು ತೆರೆಯಲಿಲ್ಲ. ಅವರು ನಮ್ಮ ಪಕ್ಕದ ಮೇಜಿನವರು. ಪ್ರತಿದಿನ ಒಂದೇ ಲೋಕಲ್ ಗಾಡಿಯಲ್ಲಿ ಡೊಂಬಿವಲಿಗೆ ಮರಳುತ್ತಿದ್ದೆವು. ಆ ವಾರದ ಆರು ಪ್ರಯಾಣಗಳಲ್ಲಿ ಒಂದರಲ್ಲಿಯಾದರೂ ನಾವು ಬಾಯಿ ಬಿಟ್ಟಿದ್ದರೆ ಅವರು ಸಹಿ ಮಾಡುತ್ತಿರಲಿಲ್ಲ. ನಾವು ಧೈರ್ಯವೆಂದು ತಿಳಿದುದರ ಬೆಲೆಯನ್ನು ಅವರು ತೆತ್ತರು. ಈ ಲೇಖನವನ್ನು ಬರೆಯಲು ನಿಜವಾದ ಕಾರಣ ಇದೇ. ಭಯವನ್ನು ಮುಚ್ಚಿಡುವವನು ತನ್ನದನ್ನು ಮಾತ್ರ ಮುಚ್ಚಿಡುತ್ತಿದ್ದೇನೆಂದು ಭಾವಿಸುತ್ತಾನೆ. ಅದೇ ಭಯದಲ್ಲಿರುವ ನೆರೆಯವನಿಗೆ, ನೀನು ಒಬ್ಬನೇ ಅಲ್ಲ ಎಂಬ ತಿಳಿವಳಿಕೆಯನ್ನೂ ಅವನು ಕಸಿದುಕೊಂಡಿರುತ್ತಾನೆ.

ಇಲ್ಲಿ ಒಂದು ಆಕ್ಷೇಪವು ಬರುವುದು ನ್ಯಾಯವೇ. ಹಾಗಾದರೆ ಕಂಡಕಂಡವರಲ್ಲಿ ಭಯವನ್ನು ತೋಡಿಕೊಳ್ಳಬೇಕೇ? ಆರು ವರ್ಷದ ಕೂಸಿಗೆ ಸಾಲದ ಕಂತನ್ನು ವಿವರಿಸಬೇಕೇ? ತಮ್ಮ ಎದೆ ಹಗುರಾಗಲಿ ಎಂದು ಮನೆಯವರ ಎದೆಯನ್ನು ಭಾರ ಮಾಡುವ ಗೃಹಸ್ಥರನ್ನೂ ನಾವು ಕಂಡಿದ್ದೇವೆ. ಅವರು ಸಂಜೆಯಿಡೀ ಭಯವನ್ನೇ ಬಡಿಸುತ್ತಾರೆ. ಕೇಳಿದವರಿಗೆ ನಿದ್ರೆ ಹೋಗುತ್ತದೆ, ಹೇಳಿದವರು ಗೊರಕೆ ಹೊಡೆಯುತ್ತಾರೆ. ಇದು ಹಂಚಿಕೆಯಲ್ಲ, ವರ್ಗಾವಣೆ. ಇವೆರಡಕ್ಕೂ ಇರುವ ಭೇದವನ್ನು ನಾವು ಬಹಳ ಕಾಲ ಹುಡುಕಿದೆವು. ಅದು ಮಾತೋಶ್ರೀಯವರ ಕೊನೆಯ ವಾಕ್ಯದಲ್ಲಿಯೇ ಇತ್ತು. ಅವರು ಸಮಾಧಾನವನ್ನು ಕೇಳಲಿಲ್ಲ, ಕೆಲಸವನ್ನು ಕೇಳಿದರು. ಭಯವನ್ನು ಹೇಳುವಾಗ ಕೇಳುವವರ ಕೈಗೆ, ಅವರ ಶಕ್ತಿಗೆ ಹೊಂದುವ ಒಂದು ಕೆಲಸವನ್ನೂ ಕೊಡಲು ಸಾಧ್ಯವಾದರೆ ಅದು ಹಂಚಿಕೆ. ಹುಡುಗನಿಗೆ ಟಾರ್ಚ್, ಅಜ್ಜಿಗೆ ಎಣಿಕೆ. ಕೊಡಲು ಏನೂ ಇಲ್ಲದಿದ್ದರೆ ಆ ಕೂಸಿಗೆ ಹೇಳದಿರುವುದೇ ಮೇಲು.

ಶ್ರೀಮದಾಚಾರ್ಯರ ಚರಿತ್ರೆಯಲ್ಲಿ ಗಂಗೆಯದೇ ಒಂದು ಪ್ರಸಂಗವಿದೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ಅದು ಬರುತ್ತದೆ. ಇಬ್ಬರು ಅರಸರ ವೈರದಿಂದಾಗಿ ನದಿಯಲ್ಲಿ ದೋಣಿಗಳಿರಲಿಲ್ಲ; ಆಚೆಯ ದಡದಲ್ಲಿ ಶಸ್ತ್ರಧಾರಿಗಳಾದ ಭಟರು. ಆಚಾರ್ಯರು ಮುಂದೆ ನಡೆದರು, ಶಿಷ್ಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹಿಂದೆ ದಾಟಿದರು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಇದರಲ್ಲಿ ಆಚಾರ್ಯರ ಮಹಿಮೆಯನ್ನು ಕಾಣುವುದು ಯುಕ್ತವೇ. ಆದರೆ ಸಾಲಿನ ಕೊನೆಯಲ್ಲಿದ್ದ ಶಿಷ್ಯನನ್ನು ಕುರಿತು ನಾವು ಯೋಚಿಸಿರುವುದಿಲ್ಲ. ಅವನ ಕೈ ಆಚಾರ್ಯರನ್ನು ಮುಟ್ಟಿರಲಾರದು. ಅವನು ಹಿಡಿದುದು ತನ್ನಂತೆಯೇ ನಡುಗುತ್ತಿದ್ದ ಇನ್ನೊಬ್ಬ ಶಿಷ್ಯನನ್ನು. ಅದೇ ಸರ್ಗದಲ್ಲಿ ಕಳ್ಳರ ಗುಂಪೊಂದು ಮೇಲೆ ಬಿದ್ದಾಗ ಆಚಾರ್ಯರು ತಾವು ಕೈಯೆತ್ತದೆ ಉಪೇಂದ್ರತೀರ್ಥರಿಂದ ಅವರನ್ನು ಓಡಿಸಿದ ಪ್ರಸಂಗವೂ ಇದೆ. ತಾವೇ ಮಾಡಬಲ್ಲವರು ಶಿಷ್ಯನಿಗೆ ಕೆಲಸ ಹಚ್ಚಿದರು.

ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡು ಬಗೆಯೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ನಾವು ಅಸ್ವತಂತ್ರರೆಂದು ದಿನವೂ ಸಂಧ್ಯಾಕಾಲದಲ್ಲಿ ಒಪ್ಪಿಕೊಳ್ಳುತ್ತೇವೆ. ಮನೆಯೊಳಗೆ ಕಾಲಿಟ್ಟೊಡನೆ, ಎಲ್ಲವನ್ನೂ ನಾನೊಬ್ಬನೇ ನೋಡಿಕೊಳ್ಳುತ್ತೇನೆ ಎಂಬ ಮುಖವನ್ನು ಧರಿಸುತ್ತೇವೆ. ದೇವರ ಮುಂದೆ ಅಸ್ವತಂತ್ರನಾಗಿರುವುದು ಸುಲಭ, ಹೆಂಡತಿ ಮಕ್ಕಳ ಮುಂದೆ ಕಠಿಣ. ದೈವೀಸಂಪತ್ತಿನ ಗುಣಗಳನ್ನು ಎಣಿಸುವಾಗ ಗೀತೆಯು ಅಭಯವನ್ನು ಎಲ್ಲಕ್ಕೂ ಮೊದಲು ಇಟ್ಟಿರುವುದು ನಿಜ. ಆ ಅಭಯವು ಭಯವಿಲ್ಲದವನಂತೆ ನಟಿಸುವುದರಿಂದ ಬರುವಂಥದಲ್ಲವೆಂದು ನಮ್ಮ ಅಲ್ಪಮತಿಗೆ ತೋರುತ್ತದೆ. ವಿದ್ವಾಂಸರು ತಿದ್ದಿದರೆ ಉಪಕೃತರಾಗುವೆವು.

ಕೈ ಹಿಡಿಯುವುದೇ ನಿಷಿದ್ಧವಾದ ಕಾಲವೂ ಬಂದು ಹೋಯಿತು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎಷ್ಟೋ ಜನ ಬಾಗಿಲು ಮುಚ್ಚಿದ ಕೋಣೆಗಳಲ್ಲಿ ಒಂಟಿಯಾಗಿ ಹೆದರಿದರು, ಒಂಟಿಯಾಗಿಯೇ ಹೋದರು. ಅದಕ್ಕೆ ನಮ್ಮ ಮೆಟ್ಟಿಲಿನ ಕಥೆಯಲ್ಲಿ ಉತ್ತರವಿಲ್ಲ. ಕಾಶಿಯ ಗಿರಿಜಾಘರ್ ಬಳಿ 1958ರಿಂದ ಇರುವ ಮುಕ್ತಿಭವನಕ್ಕೆ ಸಾಯುವವರನ್ನು ಕರೆತಂದು ಮನೆಯವರೂ ಜೊತೆಯಲ್ಲಿಯೇ ಇದ್ದು ಕಾಯುವುದನ್ನು ಕಂಡಾಗ ನಮಗೆ ಮೈ ನಡುಗಿತ್ತು. ಆ ವರ್ಷದ ಅನಂತರ ಅದು ಎಂಥ ಭಾಗ್ಯವೆಂಬುದು ತಿಳಿಯಿತು.

ಕಚೇರಿಯಿಂದ ಹೊರಬಂದ ಆರು ಜನರಲ್ಲಿ ನಾವು ಮೂವರು ಸೇರಿ ಸಣ್ಣ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಐವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿತೆವು. ಕಲಿಸಿದವಳು ಮಗಳು. ಅವಳಿಗೆ ಆಗ ಕಾಗದದ ವಿಷಯವೆಲ್ಲವೂ ತಿಳಿದಿತ್ತು. ತಂದೆಗೆ ಪಾಠ ಹೇಳುವಾಗ ಅವಳ ತಾಳ್ಮೆ ಕೆಡುತ್ತಿತ್ತು, ನಮ್ಮ ಸಿಟ್ಟೂ ಏರುತ್ತಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಸುತ್ತಲಿನ ಸಣ್ಣ ವ್ಯಾಪಾರಿಗಳೆಲ್ಲ ಹೆದರಿ ನಮ್ಮ ಕೋಣೆಗೆ ಬಂದರು. ಅವರ ಭಯವೇ ನಮ್ಮ ಉಪಜೀವನವಾಯಿತೆಂದು ಗೆಳೆಯರು ನಗುವುದುಂಟು. ಪಕ್ಕದ ಮೇಜಿನವರನ್ನೂ ನಮ್ಮೊಡನೆ ಸೇರಲು ಕರೆದೆವು. ಅವರು ಬರಲಿಲ್ಲ. ಈಗಲೂ ಆರಾಧನೆಯ ದಿನ ಮಠದಲ್ಲಿ ಸಿಗುತ್ತಾರೆ, ಕುಶಲವನ್ನು ಕೇಳುತ್ತಾರೆ. ಆ ವಾರದ ವಿಷಯವನ್ನು ನಾವಿಬ್ಬರೂ ಎತ್ತುವುದಿಲ್ಲ.

ಮಗಳು ಈಗ ಜರ್ಮನಿಯಲ್ಲಿದ್ದಾಳೆ. ಅವಳು ದುಡಿಯುವಲ್ಲಿ ಜನರನ್ನು ತೆಗೆಯುತ್ತಿದ್ದಾರೆಂದು ವೃತ್ತಪತ್ರಿಕೆಯಲ್ಲಿ ಓದಿ ದೂರವಾಣಿ ಮಾಡಿದೆವು. "ಏನೂ ಆಗಿಲ್ಲ ಅಪ್ಪಾ, ನೀವು ಮಲಗ್ರಿ" ಎಂದಳು. ಅಲ್ಲಿ ಆಗ ಸಂಜೆ, ಇಲ್ಲಿ ರಾತ್ರಿ ಹನ್ನೊಂದು. ನಾವು ಅವಳಿಗೆ ಅಜ್ಜಿಯ ಮಾತನ್ನೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಡಿಗೆ ಮನೆಯ ಕರಾರುಪತ್ರವನ್ನು ಕಳುಹಿಸುತ್ತೇನೆ, ಅವಧಿಗೆ ಮೊದಲು ಬಿಟ್ಟರೆ ಎಷ್ಟು ಹಣ ಹೋಗುತ್ತದೆಂಬುದನ್ನು ಲೆಕ್ಕ ಹಾಕಿ ಹೇಳಿರಿ ಎಂದಳು. ಆ ರಾತ್ರಿ ಎರಡು ಗಂ‌ಟೆಯ ವರೆಗೆ ಕುಳಿತು ಲೆಕ್ಕ ಹಾಕಿದೆವು. ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಓದಿ ಹೇಳಿದರು.